ಅಮ್ಮನಿಗೆ 8, ಅವರಿಗೆ 20: ಹೃದಯದ ಸ್ಕ್ಯಾನ್‌ನಲ್ಲಿ ವಿಕಿರಣದ ಲೆಕ್ಕ

ಕಳೆದ ವರ್ಷ ಅಮ್ಮನಿಗೆ ಹೃದಯದ ಸ್ಕ್ಯಾನ್ ಆಯಿತು. ಮೆಟ್ಟಿಲು ಹತ್ತಿದರೆ ಎದೆ ಹಿಡಿದ ಹಾಗಾಗುತ್ತದೆ ಎನ್ನುತ್ತಿದ್ದರು. ಇಸಿಜಿಯಲ್ಲಿ ಏನೂ ಸರಿಯಾಗಿ ಗೊತ್ತಾಗಲಿಲ್ಲ. ಮಂಡಿ ನೋವಿನಿಂದಾಗಿ ಟ್ರೆಡ್‌ಮಿಲ್ ಮೇಲೆ ನಡೆಸುವ ಹಾಗೂ ಇರಲಿಲ್ಲ. ‘ಒಂದು ಸ್ಟ್ರೆಸ್ ಥಾಲಿಯಂ ಮಾಡಿಸಿಬಿಡಿ’ ಎಂದು ಡಾಕ್ಟರು ಬರೆದುಕೊಟ್ಟರು.

ಕಾಯುವ ಕೋಣೆಯಲ್ಲಿ ಅಮ್ಮ ಪಕ್ಕದವರ ಜೊತೆ ಮಾತಿಗಿಳಿದರು. ಅವರ ತೂಕ ನೂರು ಕಿಲೋ ದಾಟಿತ್ತು. ಅಮ್ಮನದು 48. ಇಬ್ಬರಿಗೂ ಅದೇ ಪರೀಕ್ಷೆ. ಆದರೆ ಅವರ ಚೀಟಿಯಲ್ಲಿ ವಿಕಿರಣ ವಸ್ತುವಿನ ಡೋಸ್ 20 ಮಿಲಿಕ್ಯೂರಿ ಎಂದಿತ್ತು, ನಾಳೆ ಇನ್ನೊಮ್ಮೆ ಬರಬೇಕು ಎಂದೂ ಬರೆದಿತ್ತು. ಅಮ್ಮನ ಚೀಟಿಯಲ್ಲಿ ಬರೀ 8. ಅಮ್ಮ ನನ್ನ ಕಿವಿಯಲ್ಲಿ ಕೇಳಿದರು: ‘ದುಡ್ಡು ಇಬ್ಬರಿಗೂ ಒಂದೇ ಅಲ್ವಾ? ನನಗೆ ಯಾಕೋ ಇಷ್ಟೇ ಇಷ್ಟು?’

ಆಗ ನನಗೆ ಉತ್ತರ ಗೊತ್ತಿರಲಿಲ್ಲ. ಸುಮ್ನೆ ‘ಅವರಿಗೆ ಗೊತ್ತಿರುತ್ತೆ ಬಿಡಮ್ಮ’ ಎಂದೆ. ಆಮೇಲೆ ಕೂತು ಓದಿದೆ. ಓದುತ್ತಾ ಹೋದಂತೆ, ಅಮ್ಮ ಕೇಳಿದ್ದು ಎಷ್ಟು ಒಳ್ಳೆಯ ಪ್ರಶ್ನೆ ಅನ್ನಿಸಿತು.

ಮೊದಲು ಹೆಸರಿನ ವಿಷಯ. ‘ಥಾಲಿಯಂ ಟೆಸ್ಟ್’ ಎಂದು ಕರೆದರೂ ಈಗ ಹೆಚ್ಚಿನ ಕಡೆ ಕೊಡುವುದು ಥಾಲಿಯಂ ಅಲ್ಲ, ಟೆಕ್ನೀಷಿಯಂ-99ಎಂ. 1970ರ ದಶಕದಲ್ಲಿ ಥಾಲಿಯಂ ಬಂದಾಗ ಅಂಟಿದ ಹೆಸರು ಹಾಗೇ ಉಳಿದುಕೊಂಡಿದೆ. ಟೆಕ್ನೀಷಿಯಂ ಅನ್ನು ಸೆಸ್ಟಾಮಿಬಿ ಅಥವಾ ಟೆಟ್ರೋಫಾಸ್ಮಿನ್ ಎಂಬ ಔಷಧಕ್ಕೆ ಕೂಡಿಸಿ ರಕ್ತನಾಳಕ್ಕೆ ಚುಚ್ಚುತ್ತಾರೆ. ಅದು ರಕ್ತದ ಜೊತೆ ಹೃದಯದ ಸ್ನಾಯುವಿಗೆ ಹೋಗಿ ಜೀವಕೋಶಗಳ ಒಳಗೆ ಸಿಕ್ಕಿಕೊಳ್ಳುತ್ತದೆ. ರಕ್ತ ಚೆನ್ನಾಗಿ ಹರಿಯುವ ಕಡೆ ಜಾಸ್ತಿ ಸೇರುತ್ತದೆ. ರಕ್ತನಾಳ ಕಟ್ಟಿಕೊಂಡಿರುವ ಕಡೆ ಕಡಿಮೆ. ಅಲ್ಲಿಂದ ಹೊರಡುವ ಗಾಮಾ ಕಿರಣಗಳನ್ನು ಕ್ಯಾಮೆರಾ ಹಿಡಿದು ಚಿತ್ರ ಮಾಡುತ್ತದೆ. ಇಲ್ಲಿ ಕಿರಣ ಬರುವುದು ದೇಹದ ಒಳಗಿನಿಂದ. ಕ್ಯಾಮೆರಾ ಬರೀ ನೋಡುತ್ತದೆ, ತಾನು ಯಾವ ಕಿರಣವನ್ನೂ ಬಿಡುವುದಿಲ್ಲ.

ಒಂದು ಅಂಕಿ ನನ್ನನ್ನು ಬೆರಗುಗೊಳಿಸಿತು. ಚುಚ್ಚಿದ ಸೆಸ್ಟಾಮಿಬಿಯಲ್ಲಿ ಹೃದಯ ಸೇರುವುದು ನೂರಕ್ಕೆ ಒಂದೂವರೆ ಪಾಲಿಗಿಂತ ಹೆಚ್ಚಿಲ್ಲ. ಉಳಿದದ್ದೆಲ್ಲ ಲಿವರ್, ಪಿತ್ತಕೋಶ, ಕರುಳು, ಮೂತ್ರಪಿಂಡ ಅಂತ ಬೇರೆ ಕಡೆ ಹೋಗುತ್ತದೆ. ಹೃದಯದಿಂದ ಹೊರಟ ಕಿರಣಗಳೂ ಎಲ್ಲ ದಿಕ್ಕಿಗೂ ಚದುರುತ್ತವೆ. ಮಾಮೂಲಿ ಕ್ಯಾಮೆರಾದ ಮುಂದೆ ಸಣ್ಣ ಸಣ್ಣ ತೂತುಗಳಿರುವ ಸೀಸದ ಫಲಕ ಇರುತ್ತದೆ. ನೇರವಾಗಿ ಬಂದ ಕಿರಣವನ್ನಷ್ಟೇ ಅದು ಒಳಗೆ ಬಿಡುತ್ತದೆ. ಹತ್ತು ಸಾವಿರ ಕಿರಣ ಹೊರಟರೆ ಒಂದೆರಡು ಮಾತ್ರ ಅದನ್ನು ದಾಟುತ್ತವೆ. ಡಾಕ್ಟರು ನೋಡುವ ಚಿತ್ರ ಆಗುವುದು ಆ ಒಂದೆರಡರಿಂದ.

ಹಾಗಿದ್ದರೆ ಎಷ್ಟು ಕಿರಣ ಬೇಕು? ಮಳೆ ಹಿಡಿದ ಅಂಗಳವನ್ನು ನೆನಪಿಸಿಕೊಳ್ಳಿ. ಮೊದಲ ನಾಲ್ಕು ಹನಿ ಬಿದ್ದಾಗ ನೆಲ ಅಲ್ಲಲ್ಲಿ ಚುಕ್ಕಿ ಚುಕ್ಕಿ. ಒಂದು ಕಡೆ ಒಣಗಿದ ಜಾಗ ಕಂಡರೆ, ಅದು ಮೇಲಿರುವ ಮಾವಿನ ಕೊಂಬೆಯಿಂದಲೋ ಅಥವಾ ಅಲ್ಲಿ ಇನ್ನೂ ಹನಿ ಬೀಳದೆ ಇರುವುದಕ್ಕೋ ಹೇಳಲಾಗದು. ಮಳೆ ಸ್ವಲ್ಪ ಹೊತ್ತು ಸುರಿಯಲಿ. ಅಂಗಳವೆಲ್ಲ ನೆನೆದು ಕೊಂಬೆಯ ಕೆಳಗಿನ ಒಣ ಜಾಗ ಎದ್ದು ಕಾಣುತ್ತದೆ. ಹೃದಯದ ಚಿತ್ರದಲ್ಲಿ ಡಾಕ್ಟರು ಹುಡುಕುವುದೂ ಇಂಥ ಒಣ ಜಾಗವನ್ನೇ. ಹನಿ ಕಡಿಮೆಯಾದರೆ ಇಲ್ಲದ ಕಾಯಿಲೆ ಇದ್ದಂತೆ ಕಾಣಬಹುದು. ಇರುವ ಕಾಯಿಲೆ ಕಾಣದೆಯೂ ಹೋಗಬಹುದು.

ಇದಕ್ಕೆ ಲೆಕ್ಕವೂ ಇದೆ. ಒಂದು ಜಾಗದಲ್ಲಿ 100 ಕಿರಣ ಎಣಿಸಿದರೆ ಆ ಎಣಿಕೆಯಲ್ಲಿ ಸುಮಾರು 10ರಷ್ಟು ಏರುಪೇರು ಇದ್ದೇ ಇರುತ್ತದೆ, ಅಂದರೆ ಶೇಕಡ 10. ಎಣಿಕೆ 10,000ಕ್ಕೆ ಏರಿದರೆ ಏರುಪೇರು 100, ಅಂದರೆ ಶೇಕಡ 1. ಎಣಿಕೆ ನೂರು ಪಟ್ಟಾದರೂ ಸ್ಪಷ್ಟತೆ ಹತ್ತು ಪಟ್ಟಷ್ಟೇ. ಒಂದು ಮಟ್ಟದ ನಂತರ ಎಷ್ಟು ಸುರಿದರೂ ಚಿತ್ರಕ್ಕೆ ಸಿಗುವ ಲಾಭ ಕಡಿಮೆಯಾಗುತ್ತಾ ಹೋಗುತ್ತದೆ. ದೇಹಕ್ಕೆ ತಗಲುವ ವಿಕಿರಣ ಮಾತ್ರ ಡೋಸ್ ಏರಿದಷ್ಟೂ ಅದೇ ಪ್ರಮಾಣದಲ್ಲಿ ಏರುತ್ತದೆ. ನಮ್ಮ ಅಡುಗೆಯವರು ಪಾಕದ ಹದ ಅನ್ನುತ್ತಾರಲ್ಲ, ಇಲ್ಲಿಯೂ ಹಿಡಿಯಬೇಕಾದ್ದು ಅಂಥ ಒಂದು ಹದವನ್ನು.

ಮಿಲಿಕ್ಯೂರಿ ಎಂದರೆ ಎಷ್ಟು ವಿಕಿರಣ ವಸ್ತು ಕೊಟ್ಟರು ಎಂಬ ಅಳತೆ. ದೇಹಕ್ಕೆ ಎಷ್ಟು ತಗಲಿತು ಎನ್ನುವುದಕ್ಕೆ ಮಿಲಿಸೀವರ್ಟ್ ಎಂಬ ಬೇರೆ ಅಳತೆ ಇದೆ. ಈ ಎರಡನ್ನು ಕಲಸಿಕೊಂಡರೆ ಸುಮ್ನೆ ಗಾಬರಿ. ನೆಲ, ಗಾಳಿ, ಆಕಾಶ, ಊಟ, ಇವುಗಳಿಂದ ಪ್ರಪಂಚದ ಒಬ್ಬ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಗಲುತ್ತದೆ. ಹಳೆಯ ಪದ್ಧತಿಯ ಒಂದು ಪೂರ್ತಿ ಸೆಸ್ಟಾಮಿಬಿ ಸ್ಕ್ಯಾನ್‌ನಲ್ಲಿ, ಹೃದಯ ವಿಶ್ರಾಂತಿಯಲ್ಲಿರುವಾಗ 10 ಮತ್ತು ಶ್ರಮಪಡುವಾಗ 30 ಮಿಲಿಕ್ಯೂರಿ ಕೊಟ್ಟರೆ, ಸುಮಾರು 12 ಮಿಲಿಸೀವರ್ಟ್. ಐದು ವರ್ಷದ್ದು ಒಂದೇ ದಿನದಲ್ಲಿ ಬಂತು ಎನ್ನಬಹುದು.

ಇದು ಭಯಪಡುವಷ್ಟಾ? ಇಷ್ಟು ಸಣ್ಣ ಪ್ರಮಾಣದಿಂದ ಕ್ಯಾನ್ಸರ್ ಬಂದದ್ದನ್ನು ಯಾರೂ ನೇರವಾಗಿ ಎಣಿಸಿ ತೋರಿಸಲಾಗದು. ದೊಡ್ಡ ಪ್ರಮಾಣದ ಅನುಭವವನ್ನು ಕೆಳಕ್ಕೆ ಗೆರೆ ಎಳೆದು ಅಂದಾಜು ಮಾಡುತ್ತಾರೆ. ಆ ಅಂದಾಜಿನ ಪ್ರಕಾರ 10 ಮಿಲಿಸೀವರ್ಟ್ ಪಡೆದ 2000 ಜನರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಎಂದಾದರೂ ಅದರಿಂದ ಬಂದ ಕ್ಯಾನ್ಸರ್‌ನಿಂದ ಸಾವು ಬರಬಹುದು. ಎಳೆಯರಿಗೆ ಈ ಅಪಾಯ ಜಾಸ್ತಿ, ಅಮ್ಮನ ವಯಸ್ಸಿನವರಿಗೆ ಬಹಳ ಕಡಿಮೆ. ಕಟ್ಟಿದ ರಕ್ತನಾಳವನ್ನು ಕಾಣದೆ ಬಿಡುವ ಅಪಾಯ ಇದಕ್ಕಿಂತ ಎಷ್ಟೋ ದೊಡ್ಡದು. ಹಾಗಾಗಿ ನಿಜವಾಗಿ ಬೇಕಾದ ಸ್ಕ್ಯಾನನ್ನು ವಿಕಿರಣಕ್ಕೆ ಹೆದರಿ ಬಿಡಬಾರದು. ಆದರೆ ಅದೇ ಉತ್ತರ 3 ಮಿಲಿಸೀವರ್ಟ್‌ನಲ್ಲಿ ಸಿಗುವುದಾದರೆ 12 ಯಾಕೆ ಕೊಡಬೇಕು?

ಇನ್ನು ಅಮ್ಮನ ಪ್ರಶ್ನೆಗೆ ಬರೋಣ. ಟೆಕ್ನೀಷಿಯಂನ ಗಾಮಾ ಕಿರಣ ಸುಮಾರು ನಾಲ್ಕೂವರೆ ಸೆಂಟಿಮೀಟರ್ ಮಾಂಸ ದಾಟುವಷ್ಟರಲ್ಲಿ ಅರ್ಧಕ್ಕೆ ಇಳಿಯುತ್ತದೆ. ಇನ್ನೂ ನಾಲ್ಕೂವರೆ ಸೆಂಟಿಮೀಟರ್ ದಾಟಿದರೆ ಕಾಲು ಭಾಗ. ಆ ಪಕ್ಕದವರ ಎದೆ ಅಮ್ಮನದಕ್ಕಿಂತ ಒಂಬತ್ತು ಸೆಂಟಿಮೀಟರ್ ದಪ್ಪ ಎಂದಿಟ್ಟುಕೊಳ್ಳಿ. ಇಬ್ಬರ ಹೃದಯದಿಂದ ಒಂದೇ ಸಮನೆ ಕಿರಣ ಹೊರಟರೂ ಅವರದರಲ್ಲಿ ಕ್ಯಾಮೆರಾ ಮುಟ್ಟುವುದು ಅಮ್ಮನದರ ನಾಲ್ಕನೇ ಒಂದು ಪಾಲು. ಅದಕ್ಕೇ ಅವರಿಗೆ ಜಾಸ್ತಿ ಬೇಕು. ಅಮ್ಮನಿಗೂ 20 ಕೊಟ್ಟಿದ್ದರೆ ಅವರ ಚಿತ್ರ ಇನ್ನಷ್ಟು ನುಣುಪಾಗಿ ಬರುತ್ತಿತ್ತು, ನಿಜ. ಆದರೆ ಡಾಕ್ಟರು ಹೇಳುವ ಉತ್ತರ ಬದಲಾಗುತ್ತಿರಲಿಲ್ಲ. ಕಡಿಮೆ ಕೊಟ್ಟದ್ದರಿಂದ ಅಮ್ಮನಿಗೆ ಮೋಸ ಆಗಲಿಲ್ಲ. ಯಾರೋ ಅವರ ತೂಕ ನೋಡಿ ಲೆಕ್ಕ ಹಾಕಿದ್ದರು. ಎಲ್ಲರಿಗೂ ಒಂದೇ ಸಿರಿಂಜ್ ತುಂಬಿಸಿಡುವುದು ಸುಲಭ. ಈ ಲೆಕ್ಕ ಹಾಕುವುದಕ್ಕೆ ತಾಳ್ಮೆ ಬೇಕು.

ಮತ್ತೆ ಆ ಪಕ್ಕದವರಿಗೆ ಎರಡು ದಿನ ಯಾಕೆ? ಇದು ಸ್ವಲ್ಪ ಸೂಕ್ಷ್ಮ. ಪೂರ್ತಿ ಪರೀಕ್ಷೆಯಲ್ಲಿ ಎರಡು ಚಿತ್ರ: ನಡೆಸಿಯೋ ಔಷಧ ಕೊಟ್ಟೋ ಹೃದಯ ಶ್ರಮಪಡುವಂತೆ ಮಾಡಿದಾಗ ಒಂದು, ವಿಶ್ರಾಂತಿಯಲ್ಲಿ ಒಂದು. ಶ್ರಮದಲ್ಲಿ ಮಾತ್ರ ಒಣ ಜಾಗ ಕಂಡು ವಿಶ್ರಾಂತಿಯಲ್ಲಿ ತುಂಬಿಕೊಂಡರೆ, ಸ್ನಾಯು ಜೀವಂತ ಇದೆ, ರಕ್ತ ಸಾಲುತ್ತಿಲ್ಲ ಎಂದು ಅರ್ಥ. ಎರಡರಲ್ಲೂ ಒಣಗಿದ್ದರೆ ಹೆಚ್ಚಾಗಿ ಹಳೆಯ ಹಾರ್ಟ್ ಅಟ್ಯಾಕ್‌ನ ಕಲೆ.

ಟೆಕ್ನೀಷಿಯಂನ ಅರ್ಧಾಯುಷ್ಯ 6 ಗಂಟೆ, ಅಂದರೆ ಅಷ್ಟು ಹೊತ್ತಿಗೆ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಮೊದಲ ಇಂಜೆಕ್ಷನ್ ಆಗಿ ಮೂರು ಗಂಟೆ ಕಳೆದರೂ ಅದರ ಶೇಕಡ 70ರಷ್ಟು ಶಕ್ತಿ ಉಳಿದೇ ಇರುತ್ತದೆ. ಅದೇ ದಿನ ಎರಡನೆಯ ಚಿತ್ರ ತೆಗೆದರೆ ಮೊದಲನೆಯದರ ಬೆಳಕು ಇದರ ಮೇಲೆ ಚೆಲ್ಲುತ್ತದೆ. ಅದನ್ನು ಮುಳುಗಿಸಲು ಎರಡನೆಯ ಇಂಜೆಕ್ಷನ್ ಮೊದಲನೆಯದರ ಮೂರು ಪಟ್ಟು ಇರಬೇಕು. 10 ಮತ್ತು 30 ಎಂಬ ಜೋಡಿ ಬಂದದ್ದು ಹೀಗೆ. ನೂರು ಕಿಲೋ ದಾಟಿದವರಿಗೆ ಮೊದಲನೆಯದೇ 20 ಬೇಕಾದರೆ ಎರಡನೆಯದು 60 ಆಗಬೇಕಾಗುತ್ತದೆ, ಅದು ಅತಿಯಾಯಿತು. ಒಂದು ರಾತ್ರಿ ಕಳೆದರೆ ಹಳೆಯದು ತಾನಾಗಿ ಇಳಿಯುತ್ತದೆ, ಮರುದಿನವೂ 20 ಸಾಕು. ರೋಗಿಗೆ ಎರಡು ಸಲ ಬರುವ ಕಷ್ಟ ಇದೆ, ದೂರದ ಊರಿನಿಂದ ಬಸ್ಸಿನಲ್ಲಿ ಬರುವವರಿಗೆ ಅದು ಸಣ್ಣ ಮಾತಲ್ಲ. ಆದರೂ ಆ ಕಷ್ಟಕ್ಕೆ ಕಾರಣ ಇದೆ.

ಅಮ್ಮನ ಪರೀಕ್ಷೆಯಲ್ಲಿ ಇನ್ನೊಂದು ಜಾಣತನ ಇತ್ತು. ಅವರಿಗೆ ಮೊದಲು ಮಾಡಿದ್ದು ಶ್ರಮದ ಚಿತ್ರ. ನನ್ನ ದೃಷ್ಟಿಯಲ್ಲಿ ವಿಕಿರಣ ಉಳಿಸುವ ಎಲ್ಲ ದಾರಿಗಳಲ್ಲಿ ಇದೇ ದೊಡ್ಡದು. ಶ್ರಮಪಡುವಾಗಲೇ ಹೃದಯದ ಎಲ್ಲ ಭಾಗಕ್ಕೂ ರಕ್ತ ಚೆನ್ನಾಗಿ ಹರಿಯುತ್ತಿದೆ ಎಂದಾದರೆ, ವಿಶ್ರಾಂತಿಯಲ್ಲಿ ಹೇಗಿದೆ ಎಂದು ನೋಡುವುದರಲ್ಲಿ ಏನಿದೆ? ಎರಡನೆಯ ಇಂಜೆಕ್ಷನ್ನೇ ಬೇಡ. 12 ಮಿಲಿಸೀವರ್ಟ್ ಬದಲು 3ರ ಒಳಗೇ ಕೆಲಸ ಮುಗಿಯುತ್ತದೆ.

ಇದನ್ನು ನಂಬಬಹುದೇ ಎಂಬ ಅನುಮಾನ ಡಾಕ್ಟರುಗಳಿಗೂ ಬಹಳ ಕಾಲ ಇತ್ತು. 2010ರಲ್ಲಿ ಅಮೆರಿಕದ ಹ್ಯೂಸ್ಟನ್‌ನಿಂದ ಒಂದು ದೊಡ್ಡ ಅಧ್ಯಯನ ಬಂತು. ಸ್ಕ್ಯಾನ್ ನಾರ್ಮಲ್ ಬಂದಿದ್ದ 16,854 ಜನರನ್ನು ಅವರು ವರ್ಷಗಟ್ಟಲೆ ಗಮನಿಸಿದ್ದರು. ಶ್ರಮದ ಚಿತ್ರ ಒಂದನ್ನೇ ಮಾಡಿಸಿಕೊಂಡವರೂ, ಎರಡನ್ನೂ ಮಾಡಿಸಿಕೊಂಡವರೂ ಬದುಕಿ ಉಳಿದ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ.

ತೊಡಕು ಇಲ್ಲವೆಂದಲ್ಲ. ಹೆಂಗಸರಲ್ಲಿ ಸ್ತನದ ನೆರಳು ಹೃದಯದ ಮುಂಭಾಗದ ಮೇಲೆ ಬೀಳುತ್ತದೆ. ಗಂಡಸರಲ್ಲಿ ಹೆಚ್ಚಾಗಿ ವಪೆಯ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯು) ನೆರಳು ಕೆಳಭಾಗದ ಮೇಲೆ. ನೆರಳನ್ನು ಕಾಯಿಲೆ ಎಂದುಕೊಂಡರೆ ಎರಡನೆಯ ಚಿತ್ರಕ್ಕೆ ಹೋಗಲೇಬೇಕು. ಅದಕ್ಕೇ ಕೆಲವು ಕಡೆ ರೋಗಿಯನ್ನು ಬೋರಲು ಮಲಗಿಸಿ ಇನ್ನೊಮ್ಮೆ ನೋಡುತ್ತಾರೆ. ಹೃದಯದ ಜಾಗ ಸ್ವಲ್ಪ ಸರಿದು ನೆರಳು ಮಾಯವಾದರೆ ಅದು ನೆರಳೇ. ಕೆಲವು ಕಡೆ ಬಹಳ ಸಣ್ಣ ಸಿಟಿ ಸ್ಕ್ಯಾನ್ ಮಾಡಿ ನೆರಳಿನ ಲೆಕ್ಕ ಕಳೆಯುತ್ತಾರೆ. ಇನ್ನೊಂದು ಮಾತು: ಮೊದಲ ಚಿತ್ರ ಬಂದ ತಕ್ಷಣ ಅದನ್ನು ನೋಡಿ ‘ಸಾಕು’ ಎನ್ನುವ ಡಾಕ್ಟರು ಅಲ್ಲೇ ಇರಬೇಕು. ಅವರು ಸಂಜೆ ಬರುವವರಾದರೆ, ಎರಡನ್ನೂ ಮಾಡಿಟ್ಟುಬಿಡೋಣ ಎಂದಾಗುತ್ತದೆ. ಒಂದು ಸಮಯಪಟ್ಟಿ ಬದಲಿಸುವುದರಿಂದ ಉಳಿಯುವ ವಿಕಿರಣ ಇದು. ಇದಕ್ಕೆ ಹೊಸ ಯಂತ್ರ ಬೇಕಿಲ್ಲ.

ಯಂತ್ರದ ವಿಷಯವೂ ಇದೆ. ಮಾಮೂಲಿ ಗಾಮಾ ಕ್ಯಾಮೆರಾವನ್ನು 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹಾಲ್ ಆಂಗರ್ ರೂಪಿಸಿದರು. ಅದರಲ್ಲಿ ಕಿರಣ ಒಂದು ಹರಳಿಗೆ ಬಡಿದು ಬೆಳಕಾಗುತ್ತದೆ, ಆ ಬೆಳಕು ವಿದ್ಯುತ್ ಆಗುತ್ತದೆ. ಹೊಸ ಬಗೆಯ ಸಿಝಡ್‌ಟಿ (ಕ್ಯಾಡ್ಮಿಯಂ-ಝಿಂಕ್-ಟೆಲ್ಯುರೈಡ್) ಕ್ಯಾಮೆರಾದಲ್ಲಿ ಕಿರಣ ನೇರವಾಗಿ ವಿದ್ಯುತ್ ಆಗುತ್ತದೆ, ಮೇಲಾಗಿ ಎಲ್ಲ ಕಣ್ಣುಗಳೂ ಹೃದಯದ ಕಡೆಗೇ ತಿರುಗಿರುತ್ತವೆ. ಅಷ್ಟೇ ಹೊತ್ತಿನಲ್ಲಿ ಹಲವು ಪಟ್ಟು ಕಿರಣ ಹಿಡಿಯುತ್ತದೆ. ಅಂಗಳದ ಮಾತಿನಲ್ಲಿ ಹೇಳುವುದಾದರೆ, ಮಳೆ ಅಷ್ಟೇ, ನೀರು ಹಿಡಿಯಲು ಚೊಂಬಿನ ಬದಲು ಕೊಳಗ ಇಟ್ಟ ಹಾಗೆ. ಈ ಲಾಭವನ್ನು ಎರಡು ರೀತಿ ಬಳಸಬಹುದು: ಡೋಸ್ ಇಳಿಸಲು, ಇಲ್ಲವೇ ಸಮಯ ಇಳಿಸಿ ದಿನಕ್ಕೆ ಇನ್ನಷ್ಟು ಜನರನ್ನು ನೋಡಲು. ಕೈ ತಲೆಯ ಮೇಲಿಟ್ಟು ಹದಿನೈದು ನಿಮಿಷ ಅಲ್ಲಾಡದೆ ಮಲಗುವುದು ಮುದುಕರಿಗೆ ನರಕ. ಅಲ್ಲಾಡಿದರೆ ಚಿತ್ರ ಕೆಡುತ್ತದೆ. ಹಾಗಾಗಿ ಸಮಯ ಇಳಿಸುವುದೂ ತಪ್ಪಲ್ಲ. ಆದರೆ ದುಬಾರಿ ಕ್ಯಾಮೆರಾ ತಂದಮೇಲೂ ಹಳೆಯ ಡೋಸನ್ನೇ ಕೊಡುತ್ತಾ ಕೂತರೆ ರೋಗಿಯ ಪಾಲಿನ ಲಾಭ ರೋಗಿಗೆ ತಲುಪಲಿಲ್ಲ ಎಂದೇ ನಾನು ಹೇಳುತ್ತೇನೆ. ಹಳೆಯ ಕ್ಯಾಮೆರಾ ಇರುವವರಿಗೂ ದಾರಿ ಇದೆ. ಹೊಸ ಸಾಫ್ಟ್‌ವೇರ್ ಕಿರಣಗಳ ಎಣಿಕೆ ಅರ್ಧವಾದರೂ ಓದುವಂಥ ಚಿತ್ರ ಕಟ್ಟಿಕೊಡುತ್ತದೆ.

ಹೆಸರಿಗೆ ಕಾರಣವಾದ ಥಾಲಿಯಂ ಕಡೆ ಒಮ್ಮೆ ತಿರುಗೋಣ. ಥಾಲಿಯಂ-201ರ ಅರ್ಧಾಯುಷ್ಯ 73 ಗಂಟೆ. ಚಿತ್ರ ತೆಗೆದಾದ ಮೇಲೂ ದಿನಗಟ್ಟಲೆ ದೇಹದೊಳಗೆ ಕಿರಣ ಬಿಡುತ್ತಲೇ ಇರುತ್ತದೆ. ಕಿರಣಗಳ ಶಕ್ತಿಯೂ ಕಡಿಮೆ, ಎದೆಯನ್ನು ದಾಟಿ ಬರಲು ಹೆಣಗುತ್ತವೆ. ಹೀಗಾಗಿ ಜಾಸ್ತಿ ಕೊಡಲಾಗದು. ಆದರೂ 3 ಮಿಲಿಕ್ಯೂರಿ ಥಾಲಿಯಂ ಸುಮಾರು 15 ಮಿಲಿಸೀವರ್ಟ್ ತಗಲಿಸುತ್ತದೆ. 10 ಮಿಲಿಕ್ಯೂರಿ ಟೆಕ್ನೀಷಿಯಂ ತಗಲಿಸುವುದು ಸುಮಾರು 3 ಮಾತ್ರ. ಮಿಲಿಕ್ಯೂರಿ ನೋಡಿ ‘ಕಡಿಮೆ ಇದೆ’ ಎಂದು ಸಮಾಧಾನ ಪಡುವುದು ಎಷ್ಟು ತಪ್ಪು ನೋಡಿ. ಥಾಲಿಯಂ ಪಡೆದವರು ವಾರಗಳ ನಂತರವೂ ವಿಮಾನ ನಿಲ್ದಾಣದ ವಿಕಿರಣ ಪತ್ತೆ ಯಂತ್ರವನ್ನು ಕೂಗಿಸಿದ್ದುಂಟು.

ಹಾಗಾದರೆ ಯಾಕೆ ಅದನ್ನು ಪೂರ್ತಿ ಬಿಡಲಾಗಲಿಲ್ಲ? ಒಂದು ಕಾರಣ ಟೆಕ್ನೀಷಿಯಂ ಸಿಗುವ ರೀತಿ. ರಿಯಾಕ್ಟರ್‌ನಲ್ಲಿ ತಯಾರಾದ ಮಾಲಿಬ್ಡಿನಮ್-99 ಅನ್ನು ಜನರೇಟರ್ ಎಂಬ ಸೀಸದ ಪೆಟ್ಟಿಗೆಯಲ್ಲಿಟ್ಟು ಆಸ್ಪತ್ರೆಗೆ ಕಳಿಸುತ್ತಾರೆ. ನಮ್ಮ ದೇಶದಲ್ಲಿ ನವಿ ಮುಂಬೈನಲ್ಲಿರುವ ಸರ್ಕಾರಿ ಸಂಸ್ಥೆ ಬ್ರಿಟ್ ಇದನ್ನು ಒದಗಿಸುತ್ತದೆ. ಪೆಟ್ಟಿಗೆಯೊಳಗೆ ಮಾಲಿಬ್ಡಿನಮ್ ಕ್ಷಯಿಸುತ್ತಾ ಟೆಕ್ನೀಷಿಯಂ ಹುಟ್ಟುತ್ತದೆ. ಬೆಳಿಗ್ಗೆ ಉಪ್ಪುನೀರು ಹಾಯಿಸಿ ಅದನ್ನು ತೆಗೆಯುತ್ತಾರೆ. ಆ ಕೆಲಸ ಮಾಡುವವರು ಇದನ್ನು ‘ಹಾಲು ಕರೆಯುವುದು’ ಎಂದೇ ಕರೆಯುತ್ತಾರೆ. ದಿನ ಕಳೆದಂತೆ ಹಾಲು ಕಡಿಮೆಯಾಗುತ್ತದೆ, ಏಕೆಂದರೆ ಮಾಲಿಬ್ಡಿನಮ್‌ನ ಅರ್ಧಾಯುಷ್ಯ 66 ಗಂಟೆ. ಪ್ರಪಂಚಕ್ಕೆಲ್ಲ ಇದನ್ನು ಮಾಡಿಕೊಡುವ ರಿಯಾಕ್ಟರ್‌ಗಳು ಬೆರಳೆಣಿಕೆಯಷ್ಟು. 2009ರ ಮೇ ತಿಂಗಳಲ್ಲಿ ಕೆನಡಾದ ಚಾಕ್ ರಿವರ್ ರಿಯಾಕ್ಟರ್ ಕೆಟ್ಟು ಒಂದು ವರ್ಷಕ್ಕೂ ಹೆಚ್ಚು ಕಾಲ ನಿಂತುಹೋಯಿತು. ಅದೇ ಹೊತ್ತಿಗೆ ನೆದರ್ಲೆಂಡ್ಸ್‌ನ ಪೆಟ್ಟೆನ್ ರಿಯಾಕ್ಟರ್ ಕೂಡ ರಿಪೇರಿಗೆ ಮುಚ್ಚಿತು. ಎಷ್ಟೋ ಕಡೆ ಮತ್ತೆ ಥಾಲಿಯಂ ಕೈಗೆತ್ತಿಕೊಂಡರು. ಎಲ್ಲೋ ಒಂದು ರಿಯಾಕ್ಟರ್‌ನ ಪಾತ್ರೆ ಸೋರಿದ್ದಕ್ಕೆ ಇನ್ನೆಲ್ಲೋ ರೋಗಿಗಳ ಡೋಸ್ ಏರಿತು. ಟೆಕ್ನೀಷಿಯಂನ ಕೊರತೆ ಇನ್ನೊಂದು ಒಳ್ಳೆಯ ಪಾಠವನ್ನೂ ಕಲಿಸಿತು: ಇರುವುದನ್ನೇ ಕಡಿಮೆ ಬಳಸಿ ಚಿತ್ರ ತೆಗೆಯುವುದು ಹೇಗೆ ಎಂದು ಹಲವರು ಆಗ ಗಂಭೀರವಾಗಿ ಯೋಚಿಸಿದರು.

2010ರಲ್ಲೇ ಅಮೆರಿಕದ ನ್ಯೂಕ್ಲಿಯರ್ ಕಾರ್ಡಿಯಾಲಜಿ ಸಂಘ ಒಂದು ಗುರಿ ಇಟ್ಟಿತು. 2014ರ ಹೊತ್ತಿಗೆ ಅರ್ಧದಷ್ಟು ಸ್ಕ್ಯಾನ್‌ಗಳು 9 ಮಿಲಿಸೀವರ್ಟ್ ಒಳಗೆ ಮುಗಿಯಬೇಕು. 2013ರಲ್ಲಿ ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಆಶ್ರಯದಲ್ಲಿ 65 ದೇಶಗಳ 308 ಕೇಂದ್ರಗಳ ಸಮೀಕ್ಷೆ ನಡೆಯಿತು. ಪ್ರತಿ ಕೇಂದ್ರದಲ್ಲೂ ಒಂದು ವಾರ ಬಂದ ರೋಗಿಗಳ ಲೆಕ್ಕ, ಒಟ್ಟು 7,911 ಜನ. ನಡು ಅಂಕಿ 10 ಮಿಲಿಸೀವರ್ಟ್. ಕೇಂದ್ರದಿಂದ ಕೇಂದ್ರಕ್ಕೆ ಸರಾಸರಿ ಎಷ್ಟು ಬೇರೆ ಇತ್ತೆಂದರೆ, ಒಂದು ಕಡೆ 2.2, ಇನ್ನೊಂದು ಕಡೆ 24.4. ಹೃದಯ ಅದೇ, ಕೇಳುವ ಪ್ರಶ್ನೆ ಅದೇ. ಈ ಅಂಕಿಗಳನ್ನು ಓದಿದಾಗ ನನಗೆ ಬೇಸರವಾಯಿತು, ಭರವಸೆಯೂ ಬಂತು. 2.2ರಲ್ಲಿ ಮಾಡುವವರು ಆಗಲೇ ಇದ್ದರು ಎಂದಾಯಿತಲ್ಲ. ಆ ಸಮೀಕ್ಷೆ ಹುಡುಕಿದ ಒಳ್ಳೆಯ ಅಭ್ಯಾಸಗಳಲ್ಲಿ ನಾನು ಮೇಲೆ ಹೇಳಿದವೇ ಹೆಚ್ಚು: ತೂಕ ನೋಡುವುದು, ಥಾಲಿಯಂ ತಪ್ಪಿಸುವುದು, ಶ್ರಮದ ಚಿತ್ರ ಒಂದರಲ್ಲೇ ಮುಗಿಸುವುದು.

ಪೆಟ್ ಎಂಬ ಇನ್ನೊಂದು ಬಗೆಯ ಕ್ಯಾಮೆರಾ ಇರುವ ಕಡೆ ಇನ್ನೂ ಒಳ್ಳೆಯ ದಾರಿ ಇದೆ. ರುಬಿಡಿಯಂ-82ರ ಅರ್ಧಾಯುಷ್ಯ ಬರೀ 75 ಸೆಕೆಂಡು, ನೈಟ್ರೋಜನ್-13 ಅಮೋನಿಯಾದ್ದು 10 ನಿಮಿಷ. ಕೆಲಸ ಮುಗಿಸಿ ಬೇಗ ಮಾಯವಾಗುತ್ತವೆ. ಆದರೆ ಹತ್ತು ನಿಮಿಷದಲ್ಲಿ ಅರ್ಧವಾಗುವ ವಸ್ತುವನ್ನು ಪಕ್ಕದಲ್ಲೇ ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಇಲ್ಲದೆ ಬಳಸಲಾಗದು. ಎಲ್ಲ ಊರಿಗೂ ಇದು ಸದ್ಯಕ್ಕೆ ಬರುವುದಿಲ್ಲ.

ರೋಗಿಯ ಕೈಯಲ್ಲಿರುವುದೂ ಒಂದಿದೆ, ನಮ್ಮವರಿಗೆ ಅದೇ ಕಷ್ಟ: ಕಾಫಿ. ಅಮ್ಮನಂತೆ ನಡೆಯಲಾಗದವರಿಗೆ ಅಡೆನೋಸಿನ್‌ನಂಥ ಔಷಧ ಕೊಟ್ಟು ಹೃದಯದ ರಕ್ತನಾಳಗಳನ್ನು ಹಿಗ್ಗಿಸುತ್ತಾರೆ. ಕೆಫೀನ್ ಅದೇ ಔಷಧಕ್ಕೆ ಅಡ್ಡ ನಿಲ್ಲುತ್ತದೆ. ಅದಕ್ಕೇ 12ರಿಂದ 24 ಗಂಟೆ ಕಾಫಿ, ಟೀ, ಚಾಕೊಲೇಟ್ ಬೇಡ ಎನ್ನುತ್ತಾರೆ. ‘ಅರ್ಧ ಲೋಟ ತಾನೇ’ ಎಂದು ಕುಡಿದು ಹೇಳದೆ ಇದ್ದರೆ, ರಕ್ತನಾಳ ಪೂರ್ತಿ ಹಿಗ್ಗದೆ ಕಾಯಿಲೆ ಮರೆಯಾಗಬಹುದು. ಆಗ ತೆಗೆದುಕೊಂಡ ವಿಕಿರಣವೆಲ್ಲ ವ್ಯರ್ಥ. ಕುಡಿದಿದ್ದರೆ ಮೊದಲೇ ಹೇಳಿಬಿಡಿ, ಯಾರೂ ಬೈಯುವುದಿಲ್ಲ, ಇನ್ನೊಂದು ದಿನ ಕೊಡುತ್ತಾರೆ. ಹಾಗೆಯೇ ‘ನನ್ನ ತೂಕಕ್ಕೆ ತಕ್ಕ ಡೋಸಾ?’, ‘ಮೊದಲ ಚಿತ್ರ ಚೆನ್ನಾಗಿ ಬಂದರೆ ಎರಡನೆಯದು ಬೇಕಾ?’ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಏನೂ ತೊಂದರೆ ಇಲ್ಲದೆ ವರ್ಷ ವರ್ಷ ಸುಮ್ನೆ ಮಾಡಿಸುವುದಾದರೆ, ‘ಈ ಸ್ಕ್ಯಾನ್ ಯಾಕೆ?’ ಎಂದೇ ಮೊದಲು ಕೇಳಿ.

ಅಮ್ಮ ಆ ದಿನ ಮೊದಲ ಚಿತ್ರ ಮುಗಿಸಿ ಕಾಯುತ್ತಿದ್ದರು. ಒಬ್ಬರು ಬಂದು ‘ಅಮ್ಮಾ, ಚೆನ್ನಾಗಿ ಬಂದಿದೆ, ಇನ್ನೊಂದು ಇಂಜೆಕ್ಷನ್ ಬೇಡ, ಮನೆಗೆ ಹೋಗಬಹುದು’ ಎಂದರು. ಇವತ್ತೊಂದು ದಿನ ಎಳೆ ಮಗುವನ್ನು ತುಂಬಾ ಹೊತ್ತು ಎತ್ತಿಕೊಳ್ಳಬೇಡಿ, ನೀರು ಜಾಸ್ತಿ ಕುಡಿಯಿರಿ ಎಂದೂ ಹೇಳಿದರು. ಆಟೋದಲ್ಲಿ ಅಮ್ಮನ ಮುಖ ಸಪ್ಪೆ. ‘ಅರ್ಧ ಟೆಸ್ಟ್ ಮಾಡಿ ಕಳಿಸಿದ್ರಲ್ಲೋ’ ಎಂದರು.

ಮರುದಿನ ಬೆಳಿಗ್ಗೆ, 24 ಗಂಟೆ ಕಳೆದು ಟೆಕ್ನೀಷಿಯಂ ಹದಿನಾರನೇ ಒಂದು ಪಾಲಿಗಿಂತಲೂ ಕಡಿಮೆಗೆ ಇಳಿದಿದ್ದಾಗ, ಅಮ್ಮ ಫಿಲ್ಟರ್‌ಗೆ ಡಿಕಾಕ್ಷನ್ ಹಾಕಿ ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದರು. ನಾನು ಪಕ್ಕದಲ್ಲಿ ಕೂತು ಅಂಗಳದ ಮಳೆಯ ಲೆಕ್ಕ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ಹಾಗಾದ್ರೆ ಪಾಪ, ಅವರು ಇವತ್ತೂ ಹೋಗಬೇಕಲ್ವಾ?’ ಎಂದರು.